ದೆಹಲಿಯ ಹೆಸರು, ಹೈದರಾಬಾದಿನ ಹಾಸ್ಟೆಲ್: ಸೇಡಂ ಹುಡುಗಿಯೊಬ್ಬಳ ಎಂ.ಎ. ಆಯ್ಕೆ

2024ರ ಬೇಸಿಗೆ ಮುಗಿಯುವ ಹೊತ್ತಿಗೆ ಸೇಡಂ ತಾಲ್ಲೂಕಿನ ಒಬ್ಬ ಹುಡುಗಿಯ ಕೈಯಲ್ಲಿ ಎರಡು ಸೀಟುಗಳಿದ್ದವು. ಎರಡೂ ಎಂ.ಎ. ಅರ್ಥಶಾಸ್ತ್ರ. ಎರಡೂ ಕೇಂದ್ರೀಯ ವಿಶ್ವವಿದ್ಯಾಲಯಗಳು. ಎರಡಕ್ಕೂ ಪ್ರವೇಶ ಸಿಯುಇಟಿ-ಪಿಜಿ ಅನ್ನುವ ರಾಷ್ಟ್ರಮಟ್ಟದ ಸ್ನಾತಕೋತ್ತರ ಪ್ರವೇಶ ಪರೀಕ್ಷೆಯ ಅಂಕದ ಮೇಲೆ. ಒಂದು ದೆಹಲಿ ವಿಶ್ವವಿದ್ಯಾಲಯದ್ದು, ಅಂದರೆ ಡೆಲ್ಲಿ ಸ್ಕೂಲ್ ಆಫ್ ಎಕನಾಮಿಕ್ಸ್, ಚಿಕ್ಕದಾಗಿ ಡಿ-ಸ್ಕೂಲ್. ಇನ್ನೊಂದು ಹೈದರಾಬಾದ್ ವಿಶ್ವವಿದ್ಯಾಲಯ, ಹುಡುಗರ ಬಾಯಲ್ಲಿ ಎಚ್‌ಸಿಯು. ಅವಳು ನಮ್ಮ ಡಿಗ್ರಿ ಕಾಲೇಜಿನ ವಿದ್ಯಾರ್ಥಿನಿ. ನಾನು ಅವಳಿಗೆ ಅರ್ಥಶಾಸ್ತ್ರ ಪಾಠ ಮಾಡಿದವನು. ಮೂರು ವಾರ ಆ ಮನೆಯಲ್ಲಿ ನಡೆದ ಲೆಕ್ಕಾಚಾರದಲ್ಲಿ ನಾನೂ ಇದ್ದೆ. ಅದನ್ನು ಪೂರ್ತಿಯಾಗಿ ಇಲ್ಲಿ ಬರೆಯುತ್ತಿದ್ದೇನೆ. ಯಾಕಂದರೆ ಇದೇ ಪ್ರಶ್ನೆ ಇಟ್ಟುಕೊಂಡು ಪ್ರತಿ ವರ್ಷ ಯಾರಾದರೂ ಬರುತ್ತಾರೆ. ಬಂದವರೆಲ್ಲ ಮೊದಲು ಕೇಳುವುದು "ಯಾವ ಯೂನಿವರ್ಸಿಟಿ ದೊಡ್ಡದು ಸರ್?" ಅಂತ. "ಎಲ್ಲಿ ಮಲಗೋದು, ಎಲ್ಲಿ ಓದೋದು?" ಅನ್ನುವ ಪ್ರಶ್ನೆ ಕೊನೆಗೆ ಬರುತ್ತದೆ. ಅಷ್ಟೊತ್ತಿಗೆ ಫೀಸು ಕಟ್ಟಿ ಆಗಿರುತ್ತದೆ.

ಮೊದಲು ದೆಹಲಿಯ ಪರವಾಗಿ ಹೇಳಬೇಕಾದ್ದನ್ನು ನ್ಯಾಯವಾಗಿ ಹೇಳುತ್ತೇನೆ. ಡಿ-ಸ್ಕೂಲ್ ಅಂದರೆ ಸುಮ್ನೆ ಒಂದು ಹೆಸರಲ್ಲ. 1949ರಲ್ಲಿ ಅದನ್ನು ಕಟ್ಟಿದವರು ವಿ.ಕೆ.ಆರ್.ವಿ. ರಾವ್. ಅವರೇ ಮುಂದೆ ಬಳ್ಳಾರಿಯಿಂದ ಲೋಕಸಭೆಗೆ ಗೆದ್ದರು, 1972ರಲ್ಲಿ ಬೆಂಗಳೂರಿನಲ್ಲಿ ಐಸೆಕ್ ಅನ್ನುವ ಸಾಮಾಜಿಕ-ಆರ್ಥಿಕ ಸಂಶೋಧನಾ ಸಂಸ್ಥೆ ಶುರು ಮಾಡಿದರು. ಅಮರ್ತ್ಯ ಸೇನ್, ಮನಮೋಹನ್ ಸಿಂಗ್ ಇಬ್ಬರೂ ಡಿ-ಸ್ಕೂಲ್‌ನಲ್ಲಿ ಪಾಠ ಮಾಡಿದವರು. ಅಲ್ಲಿನ ರತನ್ ಟಾಟಾ ಲೈಬ್ರರಿ ಅರ್ಥಶಾಸ್ತ್ರದವರಿಗೆ ಒಂದು ಯಾತ್ರಾಸ್ಥಳ. ಮೊದಲ ವರ್ಷದ ಗಣಿತ ಮತ್ತು ಎಕನಾಮೆಟ್ರಿಕ್ಸ್ (ಅಂಕಿ-ಅಂಶ ಇಟ್ಟುಕೊಂಡು ಆರ್ಥಿಕ ಲೆಕ್ಕ ಹಾಕುವ ವಿದ್ಯೆ) ಬಹಳ ಗಟ್ಟಿ. ಅದನ್ನು ಜೀರ್ಣಿಸಿಕೊಂಡವರಿಗೆ ಪಿಎಚ್‌ಡಿ, ರಿಸರ್ವ್ ಬ್ಯಾಂಕ್, ಇಂಡಿಯನ್ ಎಕನಾಮಿಕ್ ಸರ್ವಿಸ್ ಎಲ್ಲದಕ್ಕೂ ದಾರಿ ಸಲೀಸಾಗುತ್ತದೆ. ಹತ್ತನೇ ತರಗತಿವರೆಗೆ ಕನ್ನಡ ಮಾಧ್ಯಮದಲ್ಲಿ ಓದಿದ ಹುಡುಗಿಗೆ ಆ ಸೀಟು ಸಿಕ್ಕಿದ್ದು ನಮ್ಮ ಕಾಲೇಜಿಗೇ ಹೆಮ್ಮೆ.

ಹೈದರಾಬಾದ್ ವಿಶ್ವವಿದ್ಯಾಲಯವೂ ಚಿಕ್ಕದಲ್ಲ. 1974ರಲ್ಲಿ ಶುರುವಾಯಿತು. ಮೊದಲು ನಡೆದದ್ದು ನಗರದೊಳಗೆ, ಸರೋಜಿನಿ ನಾಯ್ಡು ಅವರ ಮನೆ ಗೋಲ್ಡನ್ ಥ್ರೆಶೋಲ್ಡ್‌ನಲ್ಲಿ. ಆಮೇಲೆ ಗಚ್ಚಿಬೌಲಿಯ ದೊಡ್ಡ ಕ್ಯಾಂಪಸ್ಸಿಗೆ ಹೋಯಿತು. ಸುಮಾರು 2,300 ಎಕರೆ, ಬಂಡೆ, ಕೆರೆ, ಕುರುಚಲು ಕಾಡು. ಅಲ್ಲಿ ಓದುವವರಲ್ಲಿ ಬಹಳ ಜನ ಅಲ್ಲೇ ಉಳಿಯುತ್ತಾರೆ. ಸೇಡಂನವರಿಗೆ ಹೈದರಾಬಾದ್ ಪರಸ್ಥಳವೂ ಅಲ್ಲ. 1956ರವರೆಗೆ ಕಲಬುರಗಿ ಜಿಲ್ಲೆ ಇದ್ದದ್ದೇ ಹೈದರಾಬಾದ್ ರಾಜ್ಯದಲ್ಲಿ. ವಾಡಿಯಿಂದ ಹೊರಟ ರೈಲು ಸೇಡಂ, ತಾಂಡೂರು, ವಿಕಾರಾಬಾದ್ ದಾಟಿ ಲಿಂಗಂಪಲ್ಲಿ ತಲುಪುತ್ತದೆ. ಅಲ್ಲಿಂದ ಕ್ಯಾಂಪಸ್ ಹತ್ತಿರ. ಹುಡುಗಿಯ ತಾಯಿಗೆ ತೆಲುಗು ಚೆನ್ನಾಗಿ ಬರುತ್ತದೆ. ದೆಹಲಿಗೆ ಹೋಗಬೇಕಾದರೆ ಕಲಬುರಗಿಗೋ ವಾಡಿಗೋ ಹೋಗಿ ಕರ್ನಾಟಕ ಎಕ್ಸ್‌ಪ್ರೆಸ್ ಹತ್ತಬೇಕು. ಅದರಲ್ಲಿ ಒಂದು ರಾತ್ರಿ, ಒಂದು ಪೂರ್ತಿ ಹಗಲು.

ಪಾಠದ ವಿಷಯದಲ್ಲಿ ನನ್ನ ಅಭಿಪ್ರಾಯ ಅವತ್ತೂ ಇದೇ ಇತ್ತು, ಇವತ್ತೂ ಇದೇ: ಅರ್ಥಶಾಸ್ತ್ರಕ್ಕೆ ಡಿ-ಸ್ಕೂಲ್ ಒಂದು ಮೆಟ್ಟಿಲು ಮೇಲೆ. ಇದನ್ನು ಮುಚ್ಚಿಟ್ಟು ಲೆಕ್ಕ ಹಾಕಿದ್ದರೆ ಆ ಹುಡುಗಿಗೆ ಮೋಸ ಮಾಡಿದಂತಾಗುತ್ತಿತ್ತು. ಅದಕ್ಕೇ ನಾವು ಕೇಳಿಕೊಂಡ ಪ್ರಶ್ನೆ ಬೇರೆ. ಆ ಒಂದು ಮೆಟ್ಟಿಲಿಗೆ ಈ ಮನೆ ಎಷ್ಟು ಕೊಡಬೇಕಾಗುತ್ತದೆ? ಕೊಟ್ಟ ಮೇಲೆ ಆ ಮೆಟ್ಟಿಲು ನಿಜವಾಗಲೂ ಅವಳಿಗೆ ಸಿಗುತ್ತದಾ?

ಮನೆಯ ಪರಿಸ್ಥಿತಿ ಹೀಗಿತ್ತು. ಆರು ಎಕರೆ ಒಣ ಬೇಸಾಯ, ತೊಗರಿ. ತಂದೆ ಬಿಡುವಿನಲ್ಲಿ ಟೈಲರ್ ಕೆಲಸ ಮಾಡುತ್ತಾರೆ. ಮನೆಯಲ್ಲಿ ಪಿಯುಸಿ ಓದುವ ತಮ್ಮ ಇದ್ದಾನೆ. 2023 ಬರದ ವರ್ಷ. ರಾಜ್ಯದ 223 ತಾಲ್ಲೂಕುಗಳನ್ನು ಬರಪೀಡಿತ ಅಂತ ಘೋಷಿಸಿದ್ದರು. ತೊಗರಿಗೆ ಆ ಸಲ ಒಳ್ಳೆ ರೇಟಿತ್ತು. ಆದರೆ ಮಾರೋಕೆ ಚೀಲ ಬೇಕಲ್ಲ? ಕೈಯಲ್ಲಿ ಉಳಿದ ದುಡ್ಡು ಅಂದರೆ ಹತ್ತಿರ ಹತ್ತಿರ ಒಂದು ಲಕ್ಷ. ಉಳಿದದ್ದೆಲ್ಲ ಸಾಲ ಮಾಡಬೇಕು.

ಫೀಸಿನ ಬಗ್ಗೆ ಜಾಸ್ತಿ ಹೇಳುವುದಿಲ್ಲ. ಎರಡೂ ಕಡೆ ಸರ್ಕಾರಿ ಫೀಸು, ಈ ಮನೆಗೂ ತೂಗಿಸುವಂಥದ್ದು. ಪ್ರಶ್ನೆ ಇದ್ದದ್ದು ವಸತಿಯದ್ದು.

ದೆಹಲಿ ವಿವಿಯಲ್ಲಿ ಹಾಸ್ಟೆಲ್‌ಗಳು ಇಲ್ಲ ಅಂತಲ್ಲ. ಹುಡುಗಿಯರಿಗೇ ಹಲವು ಇವೆ. ಆದರೆ ಓದುವವರ ಸಂಖ್ಯೆಗೆ ಹೋಲಿಸಿದರೆ ಹಾಸಿಗೆಗಳು ತುಂಬಾ ಕಡಿಮೆ. ಅದಕ್ಕಿಂತ ಮುಖ್ಯವಾದ ವಿಷಯ ಇನ್ನೊಂದಿದೆ. ಹಾಸ್ಟೆಲ್ ಅರ್ಜಿ ಬೇರೆ, ಪ್ರವೇಶ ಬೇರೆ. ಮೊದಲು ಸೀಟು ಒಪ್ಪಿ ಫೀಸು ಕಟ್ಟಬೇಕು. ಆಮೇಲೆ ಹಾಸ್ಟೆಲ್‌ಗೆ ಅರ್ಜಿ, ಆಮೇಲೆ ಮೆರಿಟ್ ಪಟ್ಟಿ. ಅಂದರೆ ಎಲ್ಲಿ ಇರುತ್ತೇನೆ ಅಂತ ಗೊತ್ತಾಗುವ ಮುಂಚೆಯೇ ಎಲ್ಲಿ ಓದುತ್ತೇನೆ ಅಂತ ನಿರ್ಧರಿಸಬೇಕು. ಹೈದರಾಬಾದಿನಲ್ಲೂ ಪ್ರವೇಶದ ನಂತರವೇ ಕೋಣೆ ಹಂಚುತ್ತಾರೆ. ಅಲ್ಲೂ ಯಾರೂ ಮೊದಲೇ ಬರೆದು ಕೊಡುವುದಿಲ್ಲ. ಆದರೆ ಹುಡುಗಿ ಅಲ್ಲಿನ ನಾಲ್ಕೈದು ಸೀನಿಯರ್‌ಗಳನ್ನು ಹುಡುಕಿ ಮಾತಾಡಿಸಿದಾಗ ಎಲ್ಲರೂ ಹೇಳಿದ್ದು ಒಂದೇ: ಹೊರಊರಿನವರಿಗೆ ಹಾಸಿಗೆ ಸಿಗುತ್ತದೆ, ಶುರುವಿನಲ್ಲಿ ಇಕ್ಕಟ್ಟಾಗಬಹುದು. ದೆಹಲಿಯ ಸೀನಿಯರ್‌ಗಳು ಹೇಳಿದ್ದು: "ಸಿಕ್ಕರೆ ಅದೃಷ್ಟ. ಪಿಜಿ ನೋಡಿಟ್ಟುಕೋ." ಪಿಜಿ ಅಂದರೆ ಪೇಯಿಂಗ್ ಗೆಸ್ಟ್, ಹೊರಗಡೆ ಬಾಡಿಗೆಗೆ ಸಿಗುವ ಖಾಸಗಿ ಕೋಣೆ.

'ಸಿಗುತ್ತದೆ' ಮತ್ತು 'ಸಿಗಬಹುದು' ಇವೆರಡನ್ನೂ ಒಂದೇ ಕಾಲಂನಲ್ಲಿ ಬರೆಯಬಾರದು ಅಂತ ನಾನು ಹಟ ಹಿಡಿದೆ. ಅದಕ್ಕೆ ಎರಡು ಕಾಲಂ ಬದಲು ಮೂರು ಹಾಕಿದೆವು. ದೆಹಲಿ ಮತ್ತು ಹಾಸ್ಟೆಲ್. ದೆಹಲಿ ಮತ್ತು ಪಿಜಿ. ಹೈದರಾಬಾದ್ ಮತ್ತು ಹಾಸ್ಟೆಲ್. ಇಡೀ ಪ್ರಕರಣದಲ್ಲಿ ಹೆಚ್ಚು ಉಪಯೋಗಕ್ಕೆ ಬಂದದ್ದು ಹೀಗೆ ಎರಡು ಕಾಲಂ ಅನ್ನು ಮೂರು ಮಾಡಿದ್ದು. ಎರಡು ಯೂನಿವರ್ಸಿಟಿ ಅಂದುಕೊಂಡಾಗ ಮನಸ್ಸು ಹೆಸರಿನ ಕಡೆ ವಾಲುತ್ತದೆ. ಮೂರು ಬದುಕು ಅಂದುಕೊಂಡ ಕೂಡಲೇ ಕಣ್ಣು ಬೇರೆ ಕಡೆ ಹೋಗುತ್ತದೆ.

ಪಿಜಿ ನೋಡಲು ಅಪ್ಪ-ಮಗಳು ದೆಹಲಿಗೇ ಹೋಗಿ ಬಂದರು. ಟಿಕೆಟ್ ಖರ್ಚು ದಂಡ ಅಂತ ನೆಂಟರು ಅಂದರು. ನನ್ನ ಪ್ರಕಾರ ಆ ಇಡೀ ತಿಂಗಳಲ್ಲಿ ಅವರು ಮಾಡಿದ ಒಳ್ಳೆಯ ಖರ್ಚು ಅದೇ. ಡಿ-ಸ್ಕೂಲ್ ಇರುವ ನಾರ್ತ್ ಕ್ಯಾಂಪಸ್ ಸುತ್ತ ವಿಜಯ್ ನಗರ, ಹಡ್ಸನ್ ಲೇನ್, ಕಮಲಾ ನಗರ, ಮುಖರ್ಜಿ ನಗರ ಎಲ್ಲ ಸುತ್ತಿದರು. ಹುಡುಗಿ ನನಗೆ ವಿಡಿಯೋ ಕಳಿಸುತ್ತಿದ್ದಳು. ಒಂದು ಕೋಣೆಯ ವಿಡಿಯೋ ಇನ್ನೂ ನನ್ನ ಫೋನಿನಲ್ಲಿದೆ. ಇಬ್ಬರಿಗೆ ಒಂದು ಕೋಣೆ. ಅವಳು ನೆಲದ ಟೈಲ್ಸ್ ಎಣಿಸುತ್ತಾಳೆ: ಉದ್ದಕ್ಕೆ ಐದು, ಅಡ್ಡಕ್ಕೆ ನಾಲ್ಕು. ಎರಡಡಿ ಟೈಲ್ಸ್. ಅಂದರೆ ಹತ್ತಡಿ-ಎಂಟಡಿ. ಎರಡು ಮಂಚ ಹಾಕಿದ ಮೇಲೆ ನಡುವೆ ಒಂದೇ ಸಾಲು ಟೈಲ್ಸ್ ಕಾಣುತ್ತದೆ. ಒಂದು ಕಡೆಯ ಗೋಡೆ ಪ್ಲೈವುಡ್. ಬೆರಳಿನಿಂದ ತಟ್ಟಿ ತೋರಿಸುತ್ತಾಳೆ, ಟೊಳ್ಳು ಸದ್ದು. ಆ ಕಡೆಯಿಂದ ಯಾರೋ ಫೋನಿನಲ್ಲಿ ಮಾತಾಡುವುದು ಕೇಳುತ್ತದೆ. ಕಿಟಕಿ ತೆಗೆದರೆ ಎದುರಿಗೆ ಪೈಪುಗಳ ಶಾಫ್ಟ್. ಟೇಬಲ್ ಎಲ್ಲಿ ಅಂತ ಕೇಳಿದರೆ ಮಾಲೀಕರು ಮಂಚದ ಮೇಲೆ ಇಡುವ ಮಡಚುವ ಟೇಬಲ್ ತೋರಿಸಿದರಂತೆ. ಹಗಲು ಹನ್ನೊಂದು ಗಂಟೆ, ಟ್ಯೂಬ್‌ಲೈಟ್ ಉರಿಯುತ್ತಿದೆ.

ಬಾಡಿಗೆ, ಮೂರು ಹೊತ್ತಿನ ಊಟ ಸೇರಿ ತಿಂಗಳಿಗೆ 14,000. ಏಸಿ ಕರೆಂಟಿಗೆ ಬೇರೆ ಸಬ್ ಮೀಟರ್. ಒಂದು ತಿಂಗಳ ಅಡ್ವಾನ್ಸ್. ಬ್ರೋಕರ್‌ಗೆ ಅರ್ಧ ತಿಂಗಳದ್ದು. 11 ತಿಂಗಳ ಒಪ್ಪಂದ, ನಡುವೆ ಬಿಟ್ಟರೆ ಅಡ್ವಾನ್ಸ್ ಇಲ್ಲ. ಇನ್ನೊಂದು ಕಡೆ ಮಾಲೀಕರು 12% ಜಿಎಸ್‌ಟಿ ಸೇರಿಸಿ ರೇಟು ಹೇಳಿದರು. ಅದೇ ದಿನಗಳಲ್ಲಿ, 2024ರ ಜೂನ್ 22ರಂದು, ಜಿಎಸ್‌ಟಿ ಕೌನ್ಸಿಲ್ ಸಭೆ ಕಾಲೇಜಿನ ಹೊರಗಿನ ಹಾಸ್ಟೆಲ್, ಪಿಜಿಗಳಿಗೂ ವಿನಾಯಿತಿ ಕೊಡುವಂತೆ ಹೇಳಿತ್ತು. ತಿಂಗಳಿಗೆ 20,000 ರೂಪಾಯಿ ಮೀರಬಾರದು, ಸತತ 90 ದಿನವಾದರೂ ಇರಬೇಕು ಅನ್ನುವುದು ಷರತ್ತು. ಹೊರಗೆ ಇರಲು ಹೋಗುವ ಯಾರೇ ಆದರೂ ಇದನ್ನು ನೆನಪಿಟ್ಟುಕೊಳ್ಳಬೇಕು. ಬಿಲ್ಲಿನಲ್ಲಿ ತೆರಿಗೆ ಸೇರಿಸಿದ್ದರೆ ಕೇಳಲೇಬೇಕು.

ಅಪ್ಪ ನೋಡಿದ್ದು ಬೇರೆಯೇ. ಅವರ ಕಣ್ಣು ಮೆಟ್ಟಿಲ ಮೇಲಿತ್ತು. ಹೋಗೋಕೆ ಬರೋಕೆ ಒಂದೇ ಮೆಟ್ಟಿಲು. ಅದರ ಕೆಳಗೇ ಇಡೀ ಕಟ್ಟಡದ ಮೀಟರ್ ಬೋರ್ಡು. ಪಕ್ಕದಲ್ಲೇ ಸ್ಕೂಟಿಗಳು. ಹಿಂದಿನ ವರ್ಷ ಸೆಪ್ಟೆಂಬರ್‌ನಲ್ಲಿ ಮುಖರ್ಜಿ ನಗರದ ಒಂದು ಹುಡುಗಿಯರ ಪಿಜಿಗೆ ಬೆಂಕಿ ಬಿದ್ದಿತ್ತು. 35 ಹುಡುಗಿಯರನ್ನು ಅಗ್ನಿಶಾಮಕದವರು ಜೀವಂತ ಹೊರಗೆ ತಂದಿದ್ದರು. ಆ ಸುದ್ದಿ ಅವರಿಗೆ ನೆನಪಿತ್ತು. "ಇಲ್ಲಿ ಬೆಂಕಿ ಬಿದ್ರ ಹುಡುಗಿ ಎಲ್ಲಿಂದ ಇಳೀಬೇಕು?" ಅಂತ ಮಾಲೀಕರನ್ನು ನೇರವಾಗಿ ಕೇಳಿದರು. ಉತ್ತರ ಬರಲಿಲ್ಲ. ಎರಡನೇ ಮೆಟ್ಟಿಲಿದ್ದ ಇನ್ನೊಂದು ಪಿಜಿ ಸಿಕ್ಕಿತು. ಅಲ್ಲಿ ಬಾಡಿಗೆ 17,000.

ಈ ನಡುವೆ ನೆಂಟರಿಂದ ಸಲಹೆಗಳು ಬಂದವು. ಆರ್.ಕೆ. ಪುರಂನಲ್ಲಿ ದೆಹಲಿ ಕರ್ನಾಟಕ ಸಂಘ ಇದೆಯಲ್ಲ, ಅಲ್ಲಿ ವಿಚಾರಿಸಿ ಅಂತ ಒಬ್ಬರು. ಸಂಘದಿಂದ ಊರವರ ಪರಿಚಯ ಆಗಬಹುದು, ಹಬ್ಬಕ್ಕೆ ಹೋಗಬಹುದು. ದಿನಾ ಓದುವವಳಿಗೆ ಅದು ನಗರದ ಇನ್ನೊಂದು ತುದಿ. ಗುರುಗ್ರಾಮದಲ್ಲಿ ಸೋದರಮಾವನ ಮಗ ಇದ್ದಾನೆ, ಅವನ ಮನೆಯಲ್ಲೇ ಇರಲಿ ಅಂತ ಇನ್ನೊಬ್ಬರು. ಇದನ್ನು ಮಾತ್ರ ಗಂಭೀರವಾಗಿ ನೋಡಿದೆವು. ಗುರುಗ್ರಾಮದಿಂದ ಯೆಲ್ಲೋ ಲೈನ್ ಮೆಟ್ರೋ ಹತ್ತಿದರೆ ಬದಲಾಯಿಸದೆ ವಿಶ್ವವಿದ್ಯಾಲಯ ಸ್ಟೇಷನ್‌ಗೆ ಬರಬಹುದು. ಆದರೆ ರೈಲಿನಲ್ಲೇ ಒಂದು ಗಂಟೆಗೂ ಮೇಲೆ. ಮನೆಯಿಂದ ಸ್ಟೇಷನ್, ಸ್ಟೇಷನ್ನಿಂದ ಕ್ಲಾಸು ಸೇರಿಸಿದರೆ ದಿನಕ್ಕೆ ಮೂರು ಗಂಟೆ. ದೆಹಲಿಯ ಸರ್ಕಾರಿ ಬಸ್ಸುಗಳಲ್ಲಿ 2019ರಿಂದ ಹೆಂಗಸರಿಗೆ ಟಿಕೆಟ್ ದುಡ್ಡು ಇರಲಿಲ್ಲ. ಆದರೆ ಮೆಟ್ರೋದಲ್ಲಿ ಆಗ ವಿದ್ಯಾರ್ಥಿ ರಿಯಾಯಿತಿ ಪಾಸೇ ಇರಲಿಲ್ಲ. ಜೊತೆಗೆ ಇನ್ನೊಬ್ಬರ ಮನೆಯಲ್ಲಿ ಎರಡು ವರ್ಷ. ಹುಡುಗಿಯೇ ಬೇಡ ಅಂದಳು. ಸರಿಯಾದ ಮಾತು.

ಈಗ ದುಡ್ಡಿನ ಲೆಕ್ಕ. ಎರಡು ವರ್ಷದ್ದು, ಫೀಸು ಬಿಟ್ಟು.

ದೆಹಲಿಯಲ್ಲಿ ಪಿಜಿ ಅಂದರೆ 14,000ದ ಕೋಣೆಗೇ 22 ತಿಂಗಳಿಗೆ 3,08,000. ಕರೆಂಟು, ಇ-ರಿಕ್ಷಾ, ಬ್ರೋಕರ್ ಎಲ್ಲ ಸೇರಿ ಇನ್ನೊಂದು 40 ಸಾವಿರದ ಸುತ್ತಮುತ್ತ. ಒಟ್ಟು ಮೂರೂವರೆ ಲಕ್ಷ. ಎರಡನೇ ಮೆಟ್ಟಿಲಿದ್ದ ಆ ಇನ್ನೊಂದು ಪಿಜಿಯೇ ಬೇಕು ಅಂದರೆ ಅದರ ಮೇಲೆ ಇನ್ನೂ 66,000. ಸೀನಿಯರ್‌ಗಳು ಹೇಳಿದ ಮೆಸ್ ಬಿಲ್ಲಿನ ಪ್ರಕಾರ ಹೈದರಾಬಾದ್ ಹಾಸ್ಟೆಲ್ ತಿಂಗಳಿಗೆ 5,000 ಅಂತ ಹಿಡಿದೆವು. ರಜೆ ಕಳೆದು 20 ತಿಂಗಳಿಗೆ ಒಂದು ಲಕ್ಷ. ಸೈಕಲ್ಲು, ತಿಂಗಳಿಗೊಮ್ಮೆ ಊರಿಗೆ ರೈಲು ಸೇರಿದರೂ ಒಂದು ಲಕ್ಷ ಹತ್ತು ಸಾವಿರ. ದೆಹಲಿಯಲ್ಲೇ ಹಾಸ್ಟೆಲ್ ಸಿಕ್ಕರೆ ಪ್ರಯಾಣವೂ ಸೇರಿ ಒಂದು ಲಕ್ಷ ಎಂಬತ್ತು ಸಾವಿರದೊಳಗೆ ಮುಗಿಯುತ್ತಿತ್ತು.

ಇಲ್ಲಿ ಕಣ್ಣು ತೆರೆದದ್ದು. ಡಿ-ಸ್ಕೂಲ್‌ನ ಆ ಒಂದು ಮೆಟ್ಟಿಲಿನ ಬೆಲೆ ಒಂದೇ ಅಲ್ಲ. ಹಾಸ್ಟೆಲ್ ಸಿಕ್ಕರೆ ಅದು 70 ಸಾವಿರ. ಸಿಗದಿದ್ದರೆ ಎರಡು ಲಕ್ಷ ನಲವತ್ತು ಸಾವಿರ, ಅದೂ ಕತ್ತಲೆ ಕೋಣೆಗೆ. 70 ಸಾವಿರಕ್ಕೆ ಡಿ-ಸ್ಕೂಲ್ ಸಿಕ್ಕರೆ ಸಾಲ ಮಾಡಿಯಾದರೂ ಹೋಗಬೇಕು ಅಂತ ನಾನು ಎದೆ ತಟ್ಟಿ ಹೇಳುತ್ತೇನೆ. ಬರದ ವರ್ಷದಲ್ಲಿ, ತಮ್ಮನ ಓದು ಮುಂದಿರುವ ಮನೆಗೆ ಎರಡು ಲಕ್ಷ ನಲವತ್ತು ಸಾವಿರ ಬೇರೆಯೇ ಮಾತು.

ಶಿಕ್ಷಣ ಸಾಲದ ವಿಷಯವನ್ನೂ ನೋಡಿದೆವು. ಬ್ಯಾಂಕುಗಳ ಮಾದರಿ ಯೋಜನೆಯಲ್ಲಿ 4 ಲಕ್ಷದವರೆಗೆ ಆಸ್ತಿ ಅಡವಿಡಬೇಕಿಲ್ಲ. ಹಾಸ್ಟೆಲ್ ಖರ್ಚನ್ನೂ ಸಾಲದಲ್ಲಿ ಸೇರಿಸಬಹುದು, ಹೊರಗಿನ ವಸತಿಯನ್ನೂ ಮಿತಿಯೊಳಗೆ ಪರಿಗಣಿಸುತ್ತಾರೆ. ಆದರೆ ಆಗಿದ್ದ ಕೇಂದ್ರದ ಬಡ್ಡಿ ಸಬ್ಸಿಡಿ ವೃತ್ತಿಪರ, ತಾಂತ್ರಿಕ ಕೋರ್ಸುಗಳಿಗೆ ಮಾತ್ರ. ಎಂ.ಎ.ಗೆ ಅದು ಬರುತ್ತಿರಲಿಲ್ಲ. ಬಡ್ಡಿ ಪೂರ್ತಿ ತಲೆ ಮೇಲೆ. ಪಿಎಚ್‌ಡಿ ಮಾಡಬೇಕು ಅನ್ನುವ ಹುಡುಗಿಗೆ ಸಂಬಳ ಬರುವುದು ಯಾವಾಗ?

ದುಡ್ಡಿಗಿಂತ ನನಗೆ ಹೆಚ್ಚು ಮುಖ್ಯವಾಗಿ ಕಂಡದ್ದು ಗಂಟೆಗಳ ಲೆಕ್ಕ. ಮೂರೂ ಕಾಲಂಗಳಲ್ಲಿ ಒಂದು ಮಾಮೂಲಿ ಮಂಗಳವಾರ ಹೇಗಿರುತ್ತದೆ ಅಂತ ಬರೆಯಲು ಹೇಳಿದೆ. ಬೆಳಗ್ಗೆ ಏಳರಿಂದ ರಾತ್ರಿ ಹನ್ನೆರಡರವರೆಗೆ. ಪಿಜಿ ಮಂಗಳವಾರದಲ್ಲಿ ರಾತ್ರಿ ಒಂಬತ್ತೂವರೆಗೆ ಗೇಟು ಬಂದ್. ಅಂದರೆ ಒಂಬತ್ತಕ್ಕೇ ಲೈಬ್ರರಿ ಬಿಡಬೇಕು. ಊಟದ ಹೊತ್ತು ಒಂಬತ್ತೂವರೆಯಿಂದ ಹತ್ತು, ಅದು ತಪ್ಪಿದರೆ ಹೊರಗಡೆ ತಿನ್ನಲೂ ಆಗದು. ಆಮೇಲೆ ಮಂಚದ ಮೇಲೆ, ರೂಮ್‌ಮೇಟ್ ಮಲಗುವವರೆಗೆ ಲೈಟು. ದೆಹಲಿಯಲ್ಲಿ ಇದೇ ಗೇಟಿನ ಹೊತ್ತಿನ ವಿಷಯಕ್ಕೆ 2015ರಲ್ಲಿ ಹುಡುಗಿಯರು 'ಪಿಂಜರಾ ತೋಡ್' ಅಂತ ಚಳವಳಿಯನ್ನೇ ಕಟ್ಟಿದ್ದರು. ಹಾಸ್ಟೆಲ್‌ನಲ್ಲಾದರೆ ಕೇಳೋಕೆ ವಾರ್ಡನ್ ಇದ್ದಾರೆ, ಜೊತೆಗೆ ಕೂಗೋಕೆ ನೂರು ಜನ ಇದ್ದಾರೆ. ಪಿಜಿಯಲ್ಲಿ ಮಾಲೀಕರ ಮಾತೇ ಕಾನೂನು.

ಹೈದರಾಬಾದಿನ ಮಂಗಳವಾರದಲ್ಲಿ ಕ್ಲಾಸಿನಿಂದ ಮೆಸ್ಸಿಗೆ, ಮೆಸ್ಸಿನಿಂದ ಲೈಬ್ರರಿಗೆ, ಅಲ್ಲಿಂದ ಕೋಣೆಗೆ, ಎಲ್ಲ ಒಂದೇ ಕಾಂಪೌಂಡ್. ಎರಡು ಪಟ್ಟಿ ಪಕ್ಕ ಪಕ್ಕ ಇಟ್ಟಾಗ ದಿನಕ್ಕೆ ಎರಡೂವರೆ ಗಂಟೆ ವ್ಯತ್ಯಾಸ ಬಂತು. ಅಷ್ಟೇ ಅಲ್ಲ, ಓದಿನ ಗೆಳೆತನವೂ ಬೇರೆ. ಗಣಿತದ ಒಂದು ಲೆಕ್ಕ ರಾತ್ರಿ ಹತ್ತೂವರೆಗೆ ಸಿಕ್ಕಿಹಾಕಿಕೊಂಡರೆ ಎದ್ದು ಹೋಗಿ ಬಾಗಿಲು ತಟ್ಟೋಕೆ ಒಬ್ಬರು ಬೇಕು. ಡಿ-ಸ್ಕೂಲ್‌ನ ದೊಡ್ಡ ಆಸ್ತಿ ಅಲ್ಲಿನ ಸಹಪಾಠಿಗಳು, ನಿಜ. ಅವರ ಜೊತೆ ರಾತ್ರಿ ಕೂತು ಓದೋಕೆ ಆಗದಿದ್ದರೆ, ಆ ಮೆಟ್ಟಿಲಿನ ಅರ್ಧ ಅವಳಿಗೆ ಸಿಗುವುದೇ ಇಲ್ಲ. ಕನ್ನಡ ಮಾಧ್ಯಮದಿಂದ ಬಂದು, ಮೊದಲ ಸೆಮಿಸ್ಟರ್‌ನಲ್ಲಿ ಇಂಗ್ಲಿಷಿಗೂ ಗಣಿತಕ್ಕೂ ಒಟ್ಟಿಗೆ ಹೊಂದಿಕೊಳ್ಳಬೇಕಾದವಳಿಗೆ ಇದು ಇನ್ನೂ ದೊಡ್ಡ ವಿಷಯ. ಕ್ಲಾಸಿನಲ್ಲಿ ಕೇಳಲು ಹಿಂಜರಿಯುವ ಹುಡುಗಿ ರೂಮಿನಲ್ಲಿ ಕೇಳುತ್ತಾಳೆ. ಇಷ್ಟು ವರ್ಷ ಪಾಠ ಮಾಡಿದ ಮೇಲೆ ಇದರಲ್ಲಿ ನನಗೆ ಅನುಮಾನ ಇಲ್ಲ.

ಹಾಗಾದರೆ ನೇರವಾಗಿ ಹೈದರಾಬಾದ್ ಅಂತ ಬರೆದುಬಿಡಬಹುದಿತ್ತು ಅಲ್ವಾ? ಬರೆಯಲಿಲ್ಲ. ದೆಹಲಿ ಹಾಸ್ಟೆಲ್ ಅನ್ನುವ ಕಾಲಂ ಇನ್ನೂ ಖಾಲಿ ಇತ್ತು. ಅದು ತುಂಬಿದರೆ ಉತ್ತರ ಬದಲಾಗುತ್ತಿತ್ತು. ಕಾಯಲು ದಾರಿಯೂ ಇತ್ತು. 2024-25ಕ್ಕೆ ಯುಜಿಸಿ ಸ್ಪಷ್ಟವಾಗಿ ಹೇಳಿತ್ತು: ಸೆಪ್ಟೆಂಬರ್ 30ರೊಳಗೆ ಪ್ರವೇಶ ರದ್ದು ಮಾಡಿದರೆ ಪೂರ್ತಿ ಫೀಸು ವಾಪಸ್, ಅಕ್ಟೋಬರ್ 31ರವರೆಗಾದರೆ ಹೆಚ್ಚೆಂದರೆ 1,000 ರೂಪಾಯಿ ಕಡಿತ. ಮೂಲ ಅಂಕಪಟ್ಟಿಗಳನ್ನು ಇಟ್ಟುಕೊಳ್ಳುವಂತಿಲ್ಲ ಅಂತಲೂ ನಿಯಮ ಇದೆ. ಅಂದರೆ ಯೂನಿವರ್ಸಿಟಿಗೆ ಕಟ್ಟಿದ ದುಡ್ಡು ವಾಪಸ್ ಬರುತ್ತದೆ. ಪಿಜಿಗೆ ಕೊಟ್ಟ ಅಡ್ವಾನ್ಸ್‌ಗೆ ಇಂಥ ಯಾವ ರಕ್ಷಣೆಯೂ ಇಲ್ಲ. ಆದ್ದರಿಂದ ನಮ್ಮ ತೀರ್ಮಾನ ಹೀಗಾಯಿತು: ಎರಡೂ ಸೀಟಿಗೆ ಫೀಸು ಕಟ್ಟುವುದು, ಎರಡೂ ಕಡೆ ಹಾಸ್ಟೆಲ್ ಅರ್ಜಿ ಹಾಕುವುದು, ಯಾವ ಪಿಜಿಗೂ ಒಂದು ರೂಪಾಯಿ ಕೊಡದಿರುವುದು. ಜುಲೈ ಕೊನೆಯ ವಾರ ಶುರುವಾಗುವ ಮುಂಚೆ ದೆಹಲಿಯಲ್ಲಿ ಹಾಸ್ಟೆಲ್ ಅಂತ ಖಾತ್ರಿಯಾದರೆ ದೆಹಲಿ. ಇಲ್ಲದಿದ್ದರೆ ಹೈದರಾಬಾದ್. ತಾರೀಕು ಗೋಡೆಯ ಕ್ಯಾಲೆಂಡರ್ ಮೇಲೆ ಬರೆದಿಟ್ಟರು.

ಗಡುವು ಹಾಕಲೇಬೇಕಿತ್ತು, ಅದೂ ಕ್ಲಾಸು ಶುರುವಾಗುವ ಮುಂಚಿನದು. ಎರಡು ಸೀಟು ಹಿಡಿದು ಕೂರುವುದು ಕಾನೂನಿಗೆ ಸರಿ ಇರಬಹುದು. ಆದರೆ ಅವಳು ಬಿಡುವ ಒಂದು ಸೀಟಿಗೆ ಇನ್ಯಾವುದೋ ಊರಲ್ಲಿ ಇನ್ನೊಬ್ಬ ಹುಡುಗಿ ಕಾಯುತ್ತಿರುತ್ತಾಳೆ. ಮುಂದಿನ ಸುತ್ತಿನ ಪಟ್ಟಿ ಬರುವ ಮುಂಚೆ ಬಿಟ್ಟರೆ ಅವಳಿಗೆ ಸಿಗುತ್ತದೆ. ಆಮೇಲೆ ಬಿಟ್ಟರೆ ಆ ಸೀಟು ಖಾಲಿಯೇ ಉಳಿಯಬಹುದು. ನಿರ್ಧಾರವಾದ ದಿನವೇ ರದ್ದು ಮಾಡಬೇಕು ಅಂತ ಅವಳಿಂದ ಮಾತು ತೆಗೆದುಕೊಂಡಿದ್ದೆ. ಅವಳು ಉಳಿಸಿಕೊಂಡಳು.

ಗಡುವಿನೊಳಗೆ ದೆಹಲಿಯಿಂದ ಹಾಸ್ಟೆಲ್ ಖಾತ್ರಿಯಾಗಲಿಲ್ಲ. ಅವಳು ದೆಹಲಿ ಸೀಟು ರದ್ದು ಮಾಡಿ ಹೈದರಾಬಾದಿಗೆ ಹೋದಳು. ಆ ರಾತ್ರಿ ತುಂಬಾ ಅತ್ತಳಂತೆ. ಅವಳ ಅಪ್ಪ ಹೇಳಿದರು. ಅಳಬೇಕಾದ್ದೇ. ಮೂರು ವರ್ಷ ಕನಸು ಕಂಡ ಜಾಗ ಅದು.

ಇದಾದ ಕೆಲವೇ ದಿನಕ್ಕೆ, ಜುಲೈ 27ರಂದು, ದೆಹಲಿಯ ಓಲ್ಡ್ ರಾಜಿಂದರ್ ನಗರದ ಕೋಚಿಂಗ್ ಸೆಂಟರ್ ಒಂದರ ನೆಲಮಾಳಿಗೆಗೆ ಮಳೆನೀರು ನುಗ್ಗಿತು. ಅಲ್ಲಿನ ಲೈಬ್ರರಿಯಲ್ಲಿ ಓದುತ್ತಿದ್ದ ಮೂವರು ಸತ್ತರು. ಊರಲ್ಲಿ ಎಲ್ಲರೂ "ಒಳ್ಳೇದಾಯ್ತು ಬಿಡು, ಹೋಗದೇ ಇದ್ದದ್ದು" ಅಂದರು. ಆ ಮಾತು ನನಗೆ ಸಹಿಸಲಾಗಲಿಲ್ಲ. ಸತ್ತವರು ಇಂಥದೇ ಮನೆಗಳಿಂದ ಹೋದ ಮಕ್ಕಳು. ಓದೋಕೆ ಒಂದು ಜಾಗ ಬೇಕು ಅಂತ ನೆಲಮಾಳಿಗೆಯಲ್ಲಿ ಕೂತವರು. ನಮ್ಮ ನಿರ್ಧಾರ ಸರಿ ಅಂತ ತೋರಿಸಲು ಅವರ ಸಾವು ಬೇಕಿರಲಿಲ್ಲ.

ಹೈದರಾಬಾದಿನಲ್ಲಿ ಏನಾಯಿತು? ಸೀನಿಯರ್‌ಗಳು ಹೇಳಿದಂತೆಯೇ ಮೊದಲು ಇಕ್ಕಟ್ಟು. ಮೂವರಿಗೆ ಒಂದು ಕೋಣೆ. ಒಬ್ಬಳು ಕೇರಳದವಳು, ಒಬ್ಬಳು ಒಡಿಶಾದವಳು. ಮೂವರಲ್ಲಿ ಇಬ್ಬರದ್ದು ಅರ್ಥಶಾಸ್ತ್ರ. ಮೊದಲ ತಿಂಗಳು ಸೆಕೆಂಡ್ ಹ್ಯಾಂಡ್ ಸೈಕಲ್ ಕೊಂಡಳು, ಯಾಕಂದರೆ ಅಲ್ಲಿ ನಡೆದು ಮುಗಿಯುವ ದೂರಗಳಲ್ಲ. ಮೆಸ್ಸಿನಲ್ಲಿ ಅನ್ನ-ಪಪ್ಪು ಸರಿ, ಜೋಳದ ರೊಟ್ಟಿ ಇಲ್ಲ. ಪ್ರತಿ ಸಲ ಊರಿನಿಂದ ಖಡಕ್ ರೊಟ್ಟಿ ಕಟ್ಟಿಕೊಂಡು ಹೋಗುತ್ತಾಳೆ. ಮೊದಲ ಸೆಮಿಸ್ಟರ್ ಮೈಕ್ರೋ ಎಕನಾಮಿಕ್ಸ್ ಪತ್ರಿಕೆಯಲ್ಲಿ ಕಷ್ಟಪಟ್ಟಳು. ಒಡಿಶಾದ ಹುಡುಗಿಗೆ ಗಣಿತ ಚೆನ್ನಾಗಿ ಗೊತ್ತಿತ್ತು, ಅವಳು ಹೇಳಿಕೊಟ್ಟಳು. ಇಬ್ಬರೂ ಡಿ-ಸ್ಕೂಲ್‌ನ ಹಳೆಯ ಪ್ರವೇಶ ಪ್ರಶ್ನೆಪತ್ರಿಕೆಗಳನ್ನು ತಂದಿಟ್ಟುಕೊಂಡು ಬಿಡಿಸುತ್ತಾರೆ. ಶಿಕ್ಷಣ ಸಾಲ ಬೇಕಾಗಲಿಲ್ಲ. ತಮ್ಮನ ಡಿಗ್ರಿ ಫೀಸಿಗೆ ದುಡ್ಡು ಉಳಿಯಿತು.

ಕಳೆದುಕೊಂಡದ್ದನ್ನೂ ಬರೆಯಬೇಕು. ದೆಹಲಿಯಲ್ಲಿ ವಾರ ವಾರ ಯಾರಾದರೊಬ್ಬ ದೊಡ್ಡ ಅರ್ಥಶಾಸ್ತ್ರಜ್ಞರ ಮಾತು ಕೇಳಬಹುದು. ವಿದೇಶದ ಪಿಎಚ್‌ಡಿಗೆ ಅರ್ಜಿ ಹಾಕುವಾಗ ಡಿ-ಸ್ಕೂಲ್ ಪ್ರಾಧ್ಯಾಪಕರ ಪತ್ರಕ್ಕೆ ತೂಕ ಜಾಸ್ತಿ. ಇದು ಅವಳಿಗೆ ಇಲ್ಲ, ಇದನ್ನು ಯಾವ ಹಾಸ್ಟೆಲ್ಲೂ ತುಂಬಿಕೊಡುವುದಿಲ್ಲ. ಕ್ಯಾಂಪಸ್ ಅಂದರೆ ಯಾವ ತೊಂದರೆಯೂ ಮುಟ್ಟದ ಜಾಗ ಅಂತಲೂ ತಿಳಿಯಬೇಕಿಲ್ಲ. 2025ರ ಯುಗಾದಿಯ ಹೊತ್ತಿಗೆ ಹೈದರಾಬಾದ್ ಕ್ಯಾಂಪಸ್ಸಿಗೆ ಅಂಟಿಕೊಂಡ ಕಂಚ ಗಚ್ಚಿಬೌಲಿಯ 400 ಎಕರೆಗೆ ಬುಲ್ಡೋಜರ್ ಬಂದಾಗ ಇಡೀ ವಿಶ್ವವಿದ್ಯಾಲಯ ಬೀದಿಗಿಳಿಯಿತು. ಏಪ್ರಿಲ್ 3ರಂದು ಸುಪ್ರೀಂ ಕೋರ್ಟ್ ತಡೆ ಕೊಡುವವರೆಗೆ ಅಲ್ಲಿ ಓದು ಯಾರಿಗೂ ನೆಟ್ಟಗೆ ಆಗಲಿಲ್ಲ. ಅದೇ ರೀತಿ 2024ರ ನವೆಂಬರ್‌ನಲ್ಲಿ ಹೊಗೆ-ಮಂಜಿನಿಂದಾಗಿ ದೆಹಲಿ ವಿವಿಯ ಕ್ಲಾಸುಗಳು ಕೆಲ ದಿನ ಆನ್‌ಲೈನ್ ಆದವು. ಅಂಥ ದಿನಗಳಲ್ಲಿ ಆ ಹತ್ತಡಿ-ಎಂಟಡಿ ಕೋಣೆಯೇ ಕ್ಲಾಸು, ಅದೇ ಲೈಬ್ರರಿ.

ಈಗ ಯಾರಾದರೂ ಇಂಥ ಪ್ರಶ್ನೆ ತಂದರೆ ಮೊದಲು ಫೋನ್ ಮಾಡಿಸುತ್ತೇನೆ. ಹಾಸ್ಟೆಲ್ ಕಚೇರಿಗೆ. "ಹಾಸ್ಟೆಲ್ ಇದೆಯಾ?" ಅಂತ ಕೇಳಿದರೆ ಎಲ್ಲರೂ ಹೂಂ ಅನ್ನುತ್ತಾರೆ. ಹೋದ ವರ್ಷ ನನ್ನ ಕೋರ್ಸಿನ ಮೊದಲ ವರ್ಷದ ಹೊರಊರಿನವರಲ್ಲಿ ಎಷ್ಟು ಜನಕ್ಕೆ ಸಿಕ್ಕಿತು, ಯಾವ ತಿಂಗಳಲ್ಲಿ ಸಿಕ್ಕಿತು, ಅಲ್ಲಿವರೆಗೆ ಅವರು ಎಲ್ಲಿದ್ದರು, ಬೇಸಿಗೆ ರಜೆಗೆ ಖಾಲಿ ಮಾಡಬೇಕಾ, ಎರಡನೇ ವರ್ಷ ಮತ್ತೆ ಅರ್ಜಿ ಹಾಕಬೇಕಾ, ಇಷ್ಟು ಕೇಳಬೇಕು. ಆಮೇಲೆ ಅದೇ ಪ್ರಶ್ನೆಗಳನ್ನು ಅಲ್ಲಿ ಓದುತ್ತಿರುವ ಇಬ್ಬರು ವಿದ್ಯಾರ್ಥಿಗಳಿಗೂ ಕೇಳಬೇಕು. ಎರಡೂ ಉತ್ತರ ಹೊಂದದಿದ್ದರೆ ವಿದ್ಯಾರ್ಥಿಗಳ ಉತ್ತರವನ್ನು ನಂಬಬೇಕು.

2025ರಲ್ಲಿ ಚಿತ್ತಾಪುರ ಕಡೆಯ ಒಬ್ಬ ಹುಡುಗ ಇವೇ ಎರಡು ಸೀಟು ಹಿಡಿದು ಬಂದ. ಹಾಸ್ಟೆಲ್ ಅವನಿಗೂ ಖಾತ್ರಿ ಇರಲಿಲ್ಲ. ಆದರೆ ಅವನ ಅಣ್ಣ ಯುಪಿಎಸ್‌ಸಿ ತಯಾರಿಗೆ ಅಂತ ಮುಖರ್ಜಿ ನಗರದಲ್ಲಿ ಎರಡು ವರ್ಷದಿಂದ ಫ್ಲಾಟ್ ಮಾಡಿಕೊಂಡಿದ್ದಾನೆ. ಕೋಣೆಗೆ ಕಿಟಕಿ ಇದೆ, ಮೇಜಿದೆ, ಅಡುಗೆ ಅವರದ್ದೇ, ಬಾಡಿಗೆ ಮೂವರ ಮಧ್ಯೆ ಹಂಚಿಕೊಂಡರೆ ತಲೆಗೆ 6,000. ಅವನ ಮಂಗಳವಾರದ ಪಟ್ಟಿ ನೋಡಿ, ಯೋಚನೆ ಮಾಡದೆ ದೆಹಲಿಗೆ ಹೋಗು ಅಂದೆ. ಹೋಗಿದ್ದಾನೆ.